ಹಸಿರಾದರೆ ಕೂಡಲೇ ಬನ್ನಿ

ಜನವರಿ 22

ಮೆಣಸಿನ ಅಪ್ಪನಿಗೆ,

ನೀವಿನ್ನೂ ಹೆಸರಿಡುವ ಮೊದಲೇ ನಮ್ಮ ವಾರ್ಡಿನವರು ನಿಮ್ಮ ಮಗಳಿಗೆ ಹೆಸರಿಟ್ಟಾಗಿದೆ, ಸಿಟ್ಟು ಮಾಡಿಕೊಳ್ಳಬೇಡಿ. ಕಾಳಿನಷ್ಟಿದ್ದುಕೊಂಡು ಸೂಜಿ ಹಿಡಿದವರನ್ನೆಲ್ಲ ಒದ್ದವಳಿಗೆ ಮೆಣಸು ಅನ್ನದೆ ಇನ್ನೇನು ಅನ್ನೋಣ?

ನೀವು ಮನೆಗೆ ಹೋಗಿ ಎಂಟು ದಿನವಾಯಿತು, ಒಂದು ಸುದ್ದಿ ಇಲ್ಲ. ಬಸ್ಸಿನಲ್ಲಿ ನಾಲ್ಕು ಗಂಟೆಗಿಂತ ದೂರ ಹೋದ ಮಕ್ಕಳ ಮನೆಗೆ ನಾನು ಕಾಗದ ಬರೆಯುತ್ತೇನೆ. ಇದು ಆಸ್ಪತ್ರೆಯ ನಿಯಮವಲ್ಲ, ನನ್ನ ಚಾಳಿ. ಫೋನಿನಲ್ಲಿ ಎಲ್ಲರೂ "ಚೆನ್ನಾಗಿದೆ ಸಿಸ್ಟರ್" ಅಂದು ಇಟ್ಟುಬಿಡುತ್ತಾರೆ. ನನಗೆ ಬೇಕಾದ್ದು ಅದಲ್ಲ. ತೂಕ ಎಷ್ಟು? ದಿನಕ್ಕೆ ಎಷ್ಟು ಸಲ ಹಾಲು? ಎಷ್ಟು ಸಲ ಬಟ್ಟೆ ಬದಲಾಯಿಸುತ್ತೀರಿ? ಹುಟ್ಟಿದ ಮೂರನೇ ದಿನಕ್ಕೆ ಮುಚ್ಚಿಹೋಗಿದ್ದ ಕರುಳಿನ ತುಂಡು ತೆಗೆದು ಹೊಲಿದ ಹೊಟ್ಟೆ ಅದು. ಅದರ ಸಮಾಚಾರ ನನಗೆ ವಿವರವಾಗಿ ಬೇಕು.

ಅವಳ ಅಮ್ಮ ಸರಿಯಾಗಿ ಊಟ ಮಾಡುತ್ತಿದ್ದಾರೋ ಇಲ್ಲವೋ ಅದನ್ನೂ ಬರೆಯಿರಿ. ನೀವು ಗೋಡೆಗೆ ಬಣ್ಣ ಹೊಡೆಯುವವರು, ಬಟ್ಟೆಯೆಲ್ಲ ವಾಸನೆ ಇರುತ್ತದೆ. ಕೆಲಸದಿಂದ ಬಂದವರು ಮೊದಲು ಸ್ನಾನ ಮಾಡಿ, ಆಮೇಲೆ ಮಗು ಎತ್ತಿಕೊಳ್ಳಿ.

ಇಂತಿ,
ವಾರ್ಡಿನ ಸಿಸ್ಟರ್


ಫೆಬ್ರವರಿ 4

ಸಿಸ್ಟರ್ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ಓದುವಾಗ ವಾರ್ಡಿನಲ್ಲಿ ಬೈಸಿಕೊಂಡಂತೆಯೇ ಆಯಿತು. ನನ್ನ ಹೆಂಡತಿ ಅದನ್ನು ಎರಡು ಸಲ ಗಟ್ಟಿಯಾಗಿ ಓದಿಸಿದಳು, ಸ್ನಾನದ ಸಾಲು ಬಂದಾಗ ಮೂರನೇ ಸಲ.

ತೂಕ ಮೂರು ಕಿಲೋ ನೂರು ಗ್ರಾಂ. ಹಾಲು ದಿನಕ್ಕೆ ಒಂಬತ್ತು ಹತ್ತು ಸಲ. ಬಟ್ಟೆ ಎಷ್ಟು ಅಂತ ಎಣಿಸುವ ಶಕ್ತಿ ನಮ್ಮಿಬ್ಬರಿಗೂ ಇಲ್ಲ, ಕೋಣೆ ತುಂಬ ಹಗ್ಗ ಕಟ್ಟಿದ್ದೇವೆ, ಬಗ್ಗಿಕೊಂಡೇ ಓಡಾಡುತ್ತೇವೆ. ಒಮ್ಮೊಮ್ಮೆ ಹಾಲು ಕುಡಿದು ಸ್ವಲ್ಪ ಕಕ್ಕುತ್ತಾಳೆ. ಎಲ್ಲ ಮಕ್ಕಳೂ ಹೀಗೇ ಅಂತ ಪಕ್ಕದ ಮನೆಯವರು ಹೇಳಿದರು.

ಮಗುವಿನ ಮೂಲೆಗೆ ಬಣ್ಣ ಹೊಡೆಯಬೇಕು ಅಂತ ಇವಳ ಆಸೆ. ಯಾವುದು ಬೇಕೋ ಡಬ್ಬದ ನಂಬರು ಬರೆದುಕೊಡು ಅಂದೆ. "ಪೇಂಟರನ್ನ ಕಟ್ಟಿಕೊಂಡು ನಂಬರೂ ನಾನೇ ಬರೆದುಕೊಡ್ಬೇಕಾ?" ಅಂತ ನಗುತ್ತಾಳೆ. ಬೇರೆಯವರ ಮನೆಯಲ್ಲೂ ನಾನು ಹಾಗೇ ಸಿಸ್ಟರ್. ಆಮೇಲೆ ಜಗಳ ಬೇಡ ಅಂತ.

ಇವಳು ಶಾಲೆಯಲ್ಲಿ ಗುಮಾಸ್ತೆ. ಹತ್ತೊಂಬತ್ತನೇ ತಾರೀಕು ಒಂದು ದಿನದ ಮಟ್ಟಿಗೆ ಹೋಗಿ ರಜೆಯ ಕಾಗದಪತ್ರ ಮಾಡಿಸಿಕೊಂಡು ಬರಬೇಕಂತೆ. ಆ ದಿನ ಪೂರ್ತಿ ನಾನೇ ಅಮ್ಮ. ಹಾಲು ತೆಗೆದಿಟ್ಟು ಹೋಗುತ್ತಾಳೆ. ಆಗುವ ಫಜೀತಿಯನ್ನು ಮುಂದೆ ಬರೆಯುತ್ತೇನೆ.

ಇಂತಿ,
ಮೆಣಸಿನ ಅಪ್ಪ


ಮಾರ್ಚ್ 16

ಮೆಣಸಿನ ಅಪ್ಪನಿಗೆ,

ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ.

ನಾನು ತಂಗಿಯ ಬಾಣಂತನಕ್ಕೆಂದು ಒಂದು ತಿಂಗಳು ರಜೆಯಲ್ಲಿದ್ದೆ. ಹನ್ನೆರಡನೇ ತಾರೀಕು ಬಂದು ನೋಡಿದರೆ ಮೆಣಸು ಮತ್ತೆ ಬಂದು, ಮತ್ತೆ ಹೊಟ್ಟೆ ಕೊಯ್ಯಿಸಿಕೊಂಡು, ಮಲ ಹೊರಗೆ ಬರಲು ಹೊಟ್ಟೆಯ ಮೇಲೆ ಚೀಲ ಹಾಕಿಸಿಕೊಂಡು ಮನೆಗೆ ಹೋಗಿ ಎರಡು ದಿನವಾಗಿತ್ತು. ಕೇಸ್ ಶೀಟು ಓದಿದೆ. ಹಳೆಯ ಆಪರೇಷನ್ನಿನ ಗಾಯ ಒಳಗೆ ಮಾಯುವಾಗ ಕರುಳಿಗೆ ಕರುಳು ಅಂಟಿ, ಆ ಅಂಟಿನ ಎಳೆಗೆ ಒಂದು ಸುತ್ತು ಸಿಕ್ಕಿಕೊಂಡು ದಾರಿ ಕಟ್ಟಿಹೋಗಿದೆ. ಬೆಳಗ್ಗೆಯಿಂದ ಹಸಿರು ವಾಂತಿ. ಕರೆತಂದದ್ದು ರಾತ್ರಿ. ಅಷ್ಟರಲ್ಲಿ ಅರ್ಧ ಗೇಣು ಕರುಳು ಸತ್ತಿತ್ತು.

ಅದರ ಕೆಳಗೆ ಡಾಕ್ಟರು ಬರೆದಿದ್ದಾರೆ: "ಹಸಿರು ವಾಂತಿಯಾದರೆ ಕೂಡಲೇ ಬರಬೇಕೆಂದು ಮನೆಗೆ ಕಳಿಸುವಾಗ ಯಾರೂ ಹೇಳಲಿಲ್ಲ ಎಂದು ತಂದೆ ತಿಳಿಸಿದ್ದಾರೆ."

ಕಳಿಸಿದವಳು ನಾನು. ಮನೆಗೆ ಹೋಗುವ ಪ್ರತಿಯೊಬ್ಬರಿಗೂ ಹೇಳಿಕೊಟ್ಟು, ಶಾಲೆಯ ಮಕ್ಕಳಂತೆ ಮೂರು ಸಲ ಒಪ್ಪಿಸಿಕೊಂಡು, ವಾರ್ಡಿನ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುತ್ತೇನೆ. ಇಪ್ಪತ್ತೆರಡು ವರ್ಷದ ರೂಢಿ. ಪುಸ್ತಕ ತೆಗೆದು ನೋಡಿದೆ. ನಿಮ್ಮ ಸಹಿಯ ಜಾಗ ಖಾಲಿ. ಆ ದಿನ ಬೆಳಗ್ಗೆ ಕಿಟಕಿ ಪಕ್ಕದ ಮಗು ತೀರಿಹೋಗಿತ್ತು. ನನ್ನ ತಲೆ ನೆಟ್ಟಗಿರಲಿಲ್ಲ. ಎಷ್ಟು ನೆನಪಿಸಿಕೊಂಡರೂ ನಿಮ್ಮ ಮುಖ ಕಣ್ಣಿಗೆ ಬರುತ್ತದೆ, ನಾನು ಆಡಿದ ಮಾತು ಬರುವುದಿಲ್ಲ. ಜನವರಿಯ ಕಾಗದದಲ್ಲಾದರೂ ಒಂದು ಸಾಲು ಬರೆಯಬಹುದಿತ್ತು. ತೂಕ ಕೇಳಿದೆ, ಸ್ನಾನ ಮಾಡಿ ಅಂದೆ, ತಮಾಷೆ ಮಾಡಿದೆ.

ನನ್ನಿಂದ ತಪ್ಪಾಯಿತು. ಕ್ಷಮಿಸಿ ಅಂತ ಕೇಳುವುದಕ್ಕೂ ನಾಚಿಕೆಯಾಗುತ್ತದೆ. ಮಗುವಿನ ಅಮ್ಮನ ಮುಂದೆ ಈ ಕಾಗದ ಓದಿ.

ಸಿಸ್ಟರ್


ಮಾರ್ಚ್ 27

ಸಿಸ್ಟರ್ ಅವರಿಗೆ,

ಕಾಗದ ತಲುಪಿತು. ಮಗು ಆರೋಗ್ಯವಾಗಿದೆ. ಚೀಲ ಬದಲಾಯಿಸುವುದನ್ನು ಇವಳು ಕಲಿತಿದ್ದಾಳೆ.

ಆದದ್ದು ಆಗಿಹೋಯಿತು. ಕೆಲಸದ ಗಡಿಬಿಡಿಯಲ್ಲಿ ಯಾರಿಗಾದರೂ ಮರೆಯುತ್ತದೆ. ನಾವು ನಿಮ್ಮನ್ನು ದೂರುವುದಿಲ್ಲ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇಂತಿ ನಮಸ್ಕಾರಗಳು


ಏಪ್ರಿಲ್ 14

ಮೆಣಸಿನ ಅಪ್ಪನಿಗೆ,

ನಿಮ್ಮ ನಾಲ್ಕು ಸಾಲನ್ನು ಚೀಟಿಯಂತೆ ಮಡಿಚಿ ಜೇಬಿನಲ್ಲಿಟ್ಟುಕೊಂಡಿದ್ದೇನೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಮ್ಮ ದೊಡ್ಡ ಮನಸ್ಸು ತಡೆದುಕೊಳ್ಳಲು ಆಗುತ್ತಿಲ್ಲ.

ಇಲ್ಲಿ ವಿಚಾರಣೆ ನಡೆಯಿತು. ದೊಡ್ಡ ಡಾಕ್ಟರು, "ಸಿಸ್ಟರ್, ನೀವು ಹೇಳಿರ್ತೀರಿ, ನನಗೆ ಗೊತ್ತು. ಹೇಳಿದ್ದೀನಿ ಅಂತ ಒಂದು ಮಾತು ಬರೆದುಕೊಡಿ, ಮುಗಿದೋಯ್ತು" ಅಂದರು. ನೆನಪಿಲ್ಲದ್ದನ್ನು ಹೇಗೆ ಬರೆಯಲಿ? ಬರೆಯಲಿಲ್ಲ. ವಾರ್ಡು ಬೇಡ ಅಂತ ನಾನೇ ಕೇಳಿಕೊಂಡೆ. ಈಗ ನೆಲಮಹಡಿಯ ಬಟ್ಟೆ ಕೋಣೆಯಲ್ಲಿದ್ದೇನೆ. ಹಾಸಿಗೆ ಬಟ್ಟೆ, ಟವೆಲು, ದಿಂಬಿನ ಚೀಲ. ಇವು ಮನೆಗೆ ಹೋಗುವುದಿಲ್ಲ, ಇವಕ್ಕೆ ಪಾಠ ಹೇಳಬೇಕಿಲ್ಲ.

ಒಂದು ಕೆಲಸ ಮಾತ್ರ ಮಾಡಿದ್ದೇನೆ. ವಾರ್ಡಿನ ಹಳೆಯ ಪರದೆಯೊಂದು ಹರಿದು ಇಲ್ಲಿಗೆ ಬಂತು. ಅದನ್ನು ಎರಡೆರಡು ಬೆರಳಗಲ ಕತ್ತರಿಸಿ, ಮಗುವಿನ ಜೊತೆ ಮನೆಗೆ ಕೊಟ್ಟು ಕಳಿಸುವ ಪ್ರತಿ ಚಿಕಿತ್ಸೆಯ ಪುಸ್ತಕಕ್ಕೂ ಒಂದು ತುಂಡು ಹೊಲಿಯುತ್ತಿದ್ದೇನೆ. ಅದರ ಪಕ್ಕ ದಪ್ಪಕ್ಷರದಲ್ಲಿ "ವಾಂತಿ ಹೀಗೆ ಹಸಿರಾದರೆ ಕೂಡಲೇ ಬನ್ನಿ" ಅಂತ ಬರೆಸಿದ್ದೇನೆ. ಹೇಳುವವರು ಮರೆತರೂ ಬಟ್ಟೆ ಮರೆಯುವುದಿಲ್ಲವಲ್ಲ. ಒಂದು ತುಂಡು ಇದರ ಜೊತೆ ಇಟ್ಟಿದ್ದೇನೆ, ತೊಟ್ಟಿಲಿನ ಹತ್ತಿರ ಪಿನ್ನು ಮಾಡಿಡಿ.

ಸಿಸ್ಟರ್


ಮೇ 20

ಮೆಣಸಿನ ಅಪ್ಪನಿಗೆ,

ಒಂದು ತಿಂಗಳಾಯಿತು, ಉತ್ತರವಿಲ್ಲ. ಬಟ್ಟೆಯ ತುಂಡು ಕಳಿಸಿದ್ದು ಗಾಯದ ಮೇಲೆ ಕಡ್ಡಿ ಆಡಿಸಿದಂತಾಯಿತೇನೋ. ನನಗೆ ಬುದ್ಧಿ ಸಾಲದು.

ಚೀಲ ತೆಗೆದು ಕರುಳು ಒಳಗೆ ಸೇರಿಸುವ ಆಪರೇಷನ್ ಜೂನ್ ಹದಿನೆಂಟಕ್ಕೆ ಅಂತ ಪಟ್ಟಿಯಲ್ಲಿ ನೋಡಿದೆ. ದೂರದಿಂದಲಾದರೂ ಮೆಣಸನ್ನು ಒಂದು ಸಲ ನೋಡುವ ಆಸೆ ನನಗೆ. ಆದರೆ ನನ್ನ ಮುಖ ಕಂಡರೆ ನಿಮಗೂ ಅವಳ ಅಮ್ಮನಿಗೂ ಕಷ್ಟವಾಗುವುದಾದರೆ ಹೇಳಿಬಿಡಿ, ನೀವು ಇಲ್ಲಿರುವಷ್ಟು ದಿನ ರಜೆ ಹಾಕುತ್ತೇನೆ. ಸಂಕೋಚ ಬೇಡ.

ಸಿಸ್ಟರ್


ಮೇ 29

ಸಿಸ್ಟರ್ ಅವರಿಗೆ,

ರಜೆ ಹಾಕಬೇಡಿ. ಮುಖ ಮರೆಸಿಕೊಳ್ಳಬೇಕಾದವನು ನಾನು.

ನೀವು ಹೇಳಿದ್ದಿರಿ. ಜನವರಿ ಹದಿನಾಲ್ಕು, ಬೆಳಗ್ಗೆ ಹನ್ನೊಂದರ ಹೊತ್ತು. ಇವಳು ಕೆಳಗೆ ಔಷಧಿಯ ಸಾಲಿನಲ್ಲಿ ನಿಂತಿದ್ದಳು. ನೀವು ನನ್ನನ್ನು ತೊಟ್ಟಿಲಿನ ಪಕ್ಕ ನಿಲ್ಲಿಸಿಕೊಂಡು, ಹೊಟ್ಟೆ ಉಬ್ಬಿದರೆ, ಮಲ ನಿಂತರೆ, ವಾಂತಿ ಹಸಿರಾದರೆ ಒಂದು ಕ್ಷಣವೂ ಕಾಯಬೇಡಿ ಅಂದಿರಿ. "ಯಾವ ಥರ ಹಸಿರು ಅಂತೀರಾ? ಇಗೋ, ಈ ಪರದೆ ಥರ" ಅಂತ ಕಿಟಕಿಯ ಪರದೆ ಹಿಡಿದು ತೋರಿಸಿದಿರಿ. ನಾನು ಮೂರು ಸಲ ಒಪ್ಪಿಸಿದೆ. ಒಂದಕ್ಷರ ತಪ್ಪಲಿಲ್ಲ. "ಶಾಲೆಯಲ್ಲಿ ಹೀಗೇ ಓದಿದ್ರೆ ನೀವೇ ಡಾಕ್ಟರಾಗಿರ್ತಿದ್ರಿ" ಅಂದಿರಿ. ಸಹಿಗೆ ಪುಸ್ತಕ ಚಾಚುವಷ್ಟರಲ್ಲಿ ಆ ತುದಿಯಿಂದ ಯಾರೋ ಕೂಗಿದರು, ಓಡಿದಿರಿ. ಆಗಿದ್ದು ಇಷ್ಟೇ.

ನನಗೆ ಆ ಪರದೆ ಹಸಿರಾಗಿ ಕಾಣಲಿಲ್ಲ. ನನಗೆ ಹಸಿರು ಕಾಣುವುದಿಲ್ಲ ಸಿಸ್ಟರ್. ಹುಟ್ಟಿನಿಂದ. ಹಸಿರು, ಹಳದಿ, ಕಂದು ಎಲ್ಲ ಒಂದೇ ರಾಶಿ. ಚಿಕ್ಕವನಿದ್ದಾಗ ಚಿತ್ರದಲ್ಲಿ ಮರದ ಎಲೆಗೆ ಕಂದು ಬಳಿದು ತರಗತಿಯೆಲ್ಲ ನಕ್ಕಿತು. ಅವತ್ತಿನಿಂದ ಯಾರಾದರೂ ಬಣ್ಣ ತೋರಿಸಿದರೆ ಗೋಣು ಆಡಿಸುವುದನ್ನು ಕಲಿತೆ. ಅಂಥವನು ಪೇಂಟರ್ ಹೇಗಾದೆ ಅಂತ ಕೇಳುತ್ತೀರಿ. ಗೋಡೆ ಕೆರೆಯುವ, ಪುಟ್ಟಿ ಹಚ್ಚುವ ಕೆಲಸಕ್ಕೆ ಸೇರಿದವನು ನಾನು. ಕೈ ಚೆನ್ನಾಗಿದೆ ಅಂತ ಮೇಸ್ತ್ರಿ ಬ್ರಶ್ಶು ಕೊಟ್ಟರು. ಹನ್ನೆರಡು ವರ್ಷದಿಂದ ಡಬ್ಬದ ನಂಬರಿನ ಮೇಲೆ ಬದುಕಿದ್ದೇನೆ. ಮನೆಯವರನ್ನು ಕರೆದು "ನೋಡಿ, ಒಪ್ಪಿಗೆಯಾ?" ಅಂತ ಕೇಳಿಯೇ ಮುಂದಿನ ಗೋಡೆಗೆ ಹೋಗುತ್ತೇನೆ. ಎಷ್ಟು ಮರ್ಯಾದೆಯ ಮನುಷ್ಯ ಅಂತ ಜನ ಹೊಗಳುತ್ತಾರೆ. ಹೆಂಡತಿಗೂ ಗೊತ್ತಿರಲಿಲ್ಲ.

ನೀವು ಹೇಳಿದ್ದನ್ನು ನಾನು ಅವಳಿಗೆ ಹೇಳಲೇ ಇಲ್ಲ. ಹಸಿರು ಅಂದರೆ ಯಾವ ಥರ ಅಂತ ಕೇಳುತ್ತಾಳೆ, ನಾನೇನು ತೋರಿಸಲಿ ಅಂತ ಹೆದರಿಕೆ. "ಎಲ್ಲಾ ಕೇಳಿಕೊಂಡಿದ್ದೀನಿ, ನಾನು ನೋಡ್ಕೋತೀನಿ ಬಿಡು" ಅಂದುಬಿಟ್ಟೆ.

ಫೆಬ್ರವರಿ ಹತ್ತೊಂಬತ್ತನೇ ತಾರೀಕು ಬೆಳಗ್ಗೆ ಹತ್ತಕ್ಕೆ ಮೊದಲ ವಾಂತಿ. ಬಟ್ಟೆಯನ್ನು ಕಿಟಕಿಗೆ ಹಿಡಿದು ನೋಡಿದೆ. ಹಳದಿ ಅನಿಸಿತು. ಹನ್ನೆರಡಕ್ಕೆ ಇನ್ನೊಂದು, ಎರಡಕ್ಕೆ ಮತ್ತೊಂದು. ಪ್ರತಿ ಸಲವೂ ಹಳದಿಯೇ ಅಂತ ನನಗೆ ನಾನೇ ಹೇಳಿಕೊಂಡೆ. ಪಕ್ಕದ ಮನೆಯವರು ಬಾಗಿಲಲ್ಲೇ ಕೂತಿದ್ದರು. ಬಟ್ಟೆ ಒಯ್ದು "ಇದು ಯಾವ ಬಣ್ಣ?" ಅಂತ ಒಂದು ಮಾತು ಕೇಳಬಹುದಿತ್ತು. ಪೇಂಟರ್ ಹೋಗಿ ಬಣ್ಣ ಕೇಳುವುದೇ ಅಂತ ಕೇಳಲಿಲ್ಲ. ಬಟ್ಟೆಗಳನ್ನು ಒಗೆದು ಹಾಕಿದೆ. ಆರಕ್ಕೆ ಇವಳು ಬಂದಳು, ಅವಳ ಮುಂದೆಯೇ ಮಗು ಕಕ್ಕಿತು. "ರೀ, ಇದೇನ್ರೀ ಇದು, ಇಷ್ಟು ಹಸಿರು! ಬೆಳಗ್ಗೆಯಿಂದ ಹೀಗೇನಾ?" ಅಂತ ಕಿರುಚಿದಳು. ಕಾಣಲಿಲ್ಲ ಅನ್ನುವ ಮಾತು ಬಾಯಿಗೆ ಬರಲಿಲ್ಲ. "ಹೀಗೇ ಇತ್ತು. ಹಸಿರಾದ್ರೆ ಹೋಗ್ಬೇಕು ಅಂತ ನನಗೆ ಯಾರು ಹೇಳಿದ್ರು?" ಅಂದೆ. ಆಮೇಲೆ ಡಾಕ್ಟರ ಮುಂದೆ ಅದನ್ನೇ ಹೇಳಬೇಕಾಯಿತು. ಆಮೇಲೆ ನೀವು ಕ್ಷಮೆ ಕೇಳಿದಿರಿ. ನಾನು ಕ್ಷಮಿಸಿದೆ! ಥೂ, ನನ್ನ ಜನ್ಮಕ್ಕಿಷ್ಟು. ಆ ನಾಲ್ಕು ಸಾಲು ಬರೆದು ಅಂಚೆಗೆ ಹಾಕಿ ಬಂದು ಹೊಟ್ಟೆ ತುಂಬ ಊಟ ಮಾಡಿದೆ ಸಿಸ್ಟರ್.

ನಿಮ್ಮ ಬಟ್ಟೆಯ ತುಂಡು ಬಂದಾಗ ಇವಳು "ಎಷ್ಟು ಕಣ್ಣಿಗೆ ಹೊಡೆಯೋ ಹಸಿರು, ಇದನ್ನ ನೋಡಿದ ಯಾರೂ ಮೋಸ ಹೋಗಲ್ಲ" ಅಂತ ತೊಟ್ಟಿಲಿಗೆ ಸಿಕ್ಕಿಸಿದಳು. ನಾನು ಒಂದು ತಿಂಗಳು ಅದನ್ನೇ ನೋಡಿದೆ. ಸಿಸ್ಟರ್, ನನ್ನಂಥವನು ಇನ್ನೊಬ್ಬ ನಿಮ್ಮ ವಾರ್ಡಿಗೆ ಬಂದರೆ ಆ ತುಂಡು ಅವನಿಗೂ ಏನೂ ಹೇಳುವುದಿಲ್ಲ. ಅವನೂ ಗೋಣು ಆಡಿಸಿ ಮನೆಗೆ ಹೋಗುತ್ತಾನೆ.

ನಿನ್ನೆ ಇವಳಿಗೆ ಹೇಳಿದೆ. ನಂಬಲಿಲ್ಲ. ಬಟ್ಟೆಯ ಪೆಟ್ಟಿಗೆ ತೆಗೆದು ಒಂದೊಂದೇ ಎತ್ತಿ ಹಿಡಿದು "ಇದು?" "ಇದು?" ಅಂತ ಕೇಳಿದಳು. ಮದುವೆಯಾದ ವರ್ಷ ನಾನೇ ಆರಿಸಿ ತಂದ ಶಾಲು ಕೊನೆಗೆ ಬಂತು. ನೀಲಿ ಅಂದೆ. "ನೇರಳೆ" ಅಂದಳು. ಶಾಲು ಮಡಿಚಿ ಪೆಟ್ಟಿಗೆಗೆ ಹಾಕಿ, "ಕಾಣದೇ ಇದ್ದಿದ್ದಕ್ಕೆ ನಾನೇನೂ ಅನ್ನಲ್ಲ. ಆ ಸಿಸ್ಟರ್ ತಲೆ ಮೇಲೆ ಹಾಕಿ ಸುಮ್ಮನೆ ಕೂತ್ರಲ್ಲ, ಅದಕ್ಕೆ ಏನನ್ನಲಿ?" ಅಂದಳು. ಅವಾಗಿನಿಂದ ಮಾತಿಲ್ಲ.

ಮಗುವಿನ ಅಪ್ಪ


ಜೂನ್ 5

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ನಿಮ್ಮ ಕಾಗದ ಓದಿದಾಗ ಮೊದಲು ಬಂದದ್ದು ಸಂತೋಷ. ನಾನು ಹೇಳಿದ್ದೆ! ದಿಂಬಿನ ಚೀಲಗಳ ಮಧ್ಯೆ ಕೂತು ಹುಚ್ಚಿಯಂತೆ ಅತ್ತೆ. ಅದು ಐದು ನಿಮಿಷ. ಆಮೇಲೆ ಮೈಯೆಲ್ಲ ಉರಿಯಿತು. ಎರಡೂವರೆ ತಿಂಗಳು ನನ್ನ ನೆನಪನ್ನೇ ನಾನು ನಂಬದೆ ಕಳೆದಿದ್ದೇನೆ. ಒಲೆ ಆರಿಸಿದೆನೋ ಇಲ್ಲವೋ ಅಂತ ಮೂರು ಸಲ ಎದ್ದು ಹೋಗಿ ನೋಡುವವಳಾಗಿದ್ದೇನೆ. ಕಾಣದಿರುವುದು ನಿಮ್ಮ ಕಣ್ಣಿನ ದೋಷ, ಅದು ತಪ್ಪಲ್ಲ. ಆದರೆ ಮಾರ್ಚ್ ಇಪ್ಪತ್ತೇಳರ ಕಾಗದ ಬರೆದದ್ದು ಕಣ್ಣಲ್ಲ. ಕ್ಷಮಿಸಿದೆ ಅಂತ ಬರೆಯಲು ನನ್ನಿಂದ ಆಗದು, ಈಗ ಕೇಳಲೂ ಬೇಡಿ.

ಇಪ್ಪತ್ತೆರಡು ವರ್ಷದಲ್ಲಿ "ನಿಮಗೆ ಹಸಿರು ಕಾಣುತ್ತದೆಯೇ?" ಅಂತ ಒಬ್ಬರನ್ನೂ ನಾನು ಕೇಳಿಲ್ಲ. ಈ ನಾಚಿಕೆ ನನ್ನ ಪಾಲಿನದು, ಇದನ್ನು ನಿಮ್ಮ ಮೇಲೆ ಹಾಕುವುದಿಲ್ಲ.

ನಿಮ್ಮ ಕಾಗದವನ್ನು ನಾನು ಯಾರಿಗೂ ತೋರಿಸುವುದಿಲ್ಲ. ಆಪರೇಷನ್ನಿನ ಹಿಂದಿನ ದಿನ, ಹದಿನೇಳಕ್ಕೆ ಬಂದಾಗ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ನಿಮ್ಮ ಬಾಯಿಂದಲೇ ಹೇಳಿ.

ಇನ್ನೊಂದು ಮಾತು. ಚೀಲ ತೆಗೆದ ಮೇಲೂ ಕರುಳು ಮತ್ತೆ ಅಂಟಬಹುದು. ತಿಂಗಳಲ್ಲೂ ಆದೀತು, ಹತ್ತು ವರ್ಷಕ್ಕೂ ಆದೀತು. ಅವಳ ಅಮ್ಮ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಮಗು ವಾಂತಿ ಮಾಡಿಕೊಂಡರೆ ನೀವು ಏನು ಮಾಡುತ್ತೀರಿ? ನನಗೆ ಇದಕ್ಕೆ ಉತ್ತರ ಬೇಕು.

ಸಿಸ್ಟರ್


ಜುಲೈ 21

ಸಿಸ್ಟರ್ ಅವರಿಗೆ ನಮಸ್ಕಾರ.

ದೊಡ್ಡ ಡಾಕ್ಟರ ಕೋಣೆಯಲ್ಲಿ ನಾನು ಹೇಳುವಾಗ ನೀವು ಗೋಡೆಯ ಹತ್ತಿರ ನಿಂತಿದ್ದಿರಿ. ನನ್ನ ಕಡೆ ನೋಡಲಿಲ್ಲ. ನಾನೂ ತಲೆ ಎತ್ತಲಿಲ್ಲ. ಈಗ ವಾರ್ಡಿಗೆ ವಾಪಸ್ ಬಂದಿದ್ದೀರಿ ಅಂತ ಮಗುವಿನ ಹೊಲಿಗೆ ಬಿಚ್ಚಿದವರು ಹೇಳಿದರು. ಇವಳು ನನ್ನೊಡನೆ ಮಾತಾಡುತ್ತಾಳೆ, ಹಾಲು, ಔಷಧಿ, ಬಾಗಿಲು ಹಾಕಿ, ಇಷ್ಟು.

ನೀವು ಕೇಳಿದ ಪ್ರಶ್ನೆಗೆ ಉತ್ತರ ಬರೆಯದೆ ಉಳಿಸಿಕೊಂಡಿದ್ದೆ. ಬಾಯಿಮಾತಿನ ಭರವಸೆಯನ್ನು ನೀವು ನಂಬುವುದಿಲ್ಲ, ನನಗೂ ನನ್ನ ಮೇಲೆ ನಂಬಿಕೆ ಇರಲಿಲ್ಲ. ಮೊನ್ನೆ ಆದದ್ದನ್ನು ಬರೆಯುತ್ತೇನೆ.

ಬೆಳಗ್ಗೆ ಹನ್ನೊಂದು. ರಜೆ ಮುಗಿದು ಇವಳು ಶಾಲೆಗೆ ಹೋಗಿದ್ದಳು. ಮೆಣಸು ಮಲಗಿದ್ದವಳು ಎದ್ದು ಒಂದೇ ಸಲ ಕಕ್ಕಿದಳು, ನನ್ನ ಅಂಗಿ, ಬಟ್ಟೆ, ಎಲ್ಲ. ಬಟ್ಟೆಯನ್ನು ಕಿಟಕಿಗೆ ಹಿಡಿಯಲಿಲ್ಲ, ಹಿಡಿದರೂ ಪ್ರಯೋಜನವಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಬಟ್ಟೆ ಕೈಯಲ್ಲಿ ಹಿಡಿದು ಹೊರಗೆ ಬಂದೆ. ಪಕ್ಕದ ಮನೆಗೆ ಬೀಗ. ಎದುರು ಮನೆಗೂ ಬೀಗ. ಬೀದಿಯಲ್ಲಿ ತೆರೆದಿದ್ದದ್ದು ಬಣ್ಣದ ಅಂಗಡಿಯೊಂದೇ. ಒಳಗೆ ಅಂಗಡಿಯವರು, ನಮ್ಮ ಮೇಸ್ತ್ರಿ, ಮತ್ತೆ ಸೋಮವಾರದಿಂದ ನಾನು ಕೆಲಸ ಶುರು ಮಾಡಬೇಕಿದ್ದ ಮನೆಯ ಯಜಮಾನರು. ಡಬ್ಬ ಆರಿಸುತ್ತಿದ್ದರು.

"ಏನೋ, ಮಗಳನ್ನೂ ಕೆಲಸಕ್ಕೆ ಹಚ್ಚಿದ್ಯಾ?" ಅಂದರು ಮೇಸ್ತ್ರಿ.

ನಾನು ಬಟ್ಟೆ ಮುಂದೆ ಹಿಡಿದು, "ಮೇಸ್ತ್ರಿ, ಇದು ಹಸಿರಾ ನೋಡಿ ಹೇಳಿ" ಅಂದೆ.

ನಕ್ಕರು. "ಬೆಳಗ್ಗೆ ಬೆಳಗ್ಗೆ ಏನೋ ನಿನ್ನ ತಮಾಷೆ?"

"ತಮಾಷೆ ಅಲ್ಲ. ನನಗೆ ಹಸಿರು ಕಾಣಲ್ಲ. ಹುಟ್ಟಿದಾಗಿನಿಂದ ಕಾಣಲ್ಲ. ನೋಡಿ ಹೇಳಿ, ಬೇಗ."

ಅವರ ನಗು ನಿಂತಿತು. ಮೇಸ್ತ್ರಿ ಬಟ್ಟೆ ಬಿಡಿಸಿ ನೋಡಿದರು. "ಇಲ್ಲ ಕಣೋ. ಬಿಳಿ. ಬರೀ ಹಾಲು." ನನಗೆ ಸಾಲಲಿಲ್ಲ. ಅಂಗಡಿಯವರಿಗೆ ತೋರಿಸಿದೆ. ಯಜಮಾನರಿಗೂ ತೋರಿಸಿದೆ. ಅವರೂ ಕನ್ನಡಕ ಹಾಕಿಕೊಂಡು ನೋಡಿ "ಹಾಲೇ ಕಣಪ್ಪ" ಅಂದರು.

ಆಮೇಲೆ ಮೂವರೂ ಬಟ್ಟೆ ಬಿಟ್ಟು ನನ್ನ ಮುಖ ನೋಡಿದರು.

ಇಂತಿ,
ಮೆಣಸಿನ ಅಪ್ಪ